ಹಳೆ ಕಾರಿಗೆ ಹಗಲು ದೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು 1978ರ ಪ್ರೀಮಿಯರ್ ಪದ್ಮಿನಿ. ಅಪ್ಪ ಓಡಿಸುತ್ತಿದ್ದ ಗಾಡಿ, ಬೂದು ಬಣ್ಣ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಜಿಟಿಜಿಟಿ ಮಳೆ. ತಿರುವಿನಲ್ಲಿ ಬಸ್ಸನ್ನು ಹಿಂದೆ ಹಾಕಿ ಬಂದ ಟೆಂಪೊ ಒಂದು ನನ್ನ ಬಂಪರಿನಿಂದ ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು ಹೇಳಿದ್ದು ಒಂದೇ ಮಾತು: "ಕಾಣ್ಲೇ ಇಲ್ಲ ಸಾರ್, ರೋಡಿನ ಬಣ್ಣನೇ ಇದೆ ನಿಮ್ ಗಾಡಿ." ಬೈಯೋಣ ಅಂತ ಬಾಯಿ ತೆರೆದವನು ಸುಮ್ಮನಾದೆ. ಅವನು ಹೇಳಿದ್ದು ನಿಜವೇ ಆಗಿತ್ತು.

ಊರಿಗೆ ಬಂದ ಮೇಲೆ ಗಾಡಿಗೆ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲೈಟ್, ಹಗಲಲ್ಲಿ ಗಾಡಿ ಓಡುವಾಗ ಮುಂದೆ ಉರಿಯುವ ದೀಪ) ಹಾಕಿಸಿದೆ. ಮೊದಲ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ಅಂದಿನಿಂದ ಹಳೆ ಗಾಡಿ ಇಟ್ಟುಕೊಂಡ ಗೆಳೆಯರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪದ್ಮಿನಿಯನ್ನೇ ಉದಾಹರಣೆ ಇಟ್ಟುಕೊಂಡಿದ್ದರೂ ಅಂಬಾಸಿಡರ್, ಹೆರಾಲ್ಡ್, ಮೋರಿಸ್, ಬೀಟಲ್ ಇರುವವರಿಗೂ ಹೆಚ್ಚಿನದೆಲ್ಲ ಅನ್ವಯಿಸುತ್ತದೆ.

ಡಿಆರ್‌ಎಲ್ ಅಂದ್ರೆ ಪಾರ್ಕಿಂಗ್ ಲೈಟೇ ಅಲ್ವಾ?

ಅಲ್ಲ. ಪಾರ್ಕಿಂಗ್ ಲೈಟಿನಲ್ಲಿ ಇರುವುದು 5 ವ್ಯಾಟ್ ಬಲ್ಬು. ಕತ್ತಲಲ್ಲಿ ಗಾಡಿ ನಿಂತಿರುವುದು ಗೊತ್ತಾಗಲಿ ಅಂತ ಇಟ್ಟದ್ದು. ಮಧ್ಯಾಹ್ನದ ಬಿಸಿಲಲ್ಲಿ ಹತ್ತು ಹೆಜ್ಜೆ ದೂರದಿಂದ ನೋಡಿ, ಉರಿಯುತ್ತಿದೆಯೋ ಇಲ್ಲವೋ ಹೇಳುವುದೇ ಕಷ್ಟ.

ಹೆಡ್‌ಲೈಟಿನ ಕೆಲಸ ರಸ್ತೆಯನ್ನು ನಮಗೆ ತೋರಿಸುವುದು. ಡಿಆರ್‌ಎಲ್‌ನ ಕೆಲಸ ನಮ್ಮನ್ನು ಎದುರಿನವರಿಗೆ ತೋರಿಸುವುದು, ಅದೂ ಹಗಲಲ್ಲಿ. ಹಾಗಾಗಿ ಅದರ ಬೆಳಕು ನೇರವಾಗಿ ಮುಂದಕ್ಕೆ ಬೀಳುತ್ತದೆ, ಆದರೆ ಕಣ್ಣು ಕುಕ್ಕುವಷ್ಟು ಇರುವುದಿಲ್ಲ. ಯುರೋಪಿನ ಗಾಡಿಗಳು ಪಾಲಿಸುವ ವಿಶ್ವಸಂಸ್ಥೆಯ 87ನೇ ನಿಯಮದ ಪ್ರಕಾರ ನೇರ ಮುಂದಕ್ಕೆ ಕನಿಷ್ಠ 400 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಬೆಳಕು ಬೇಕು, 1200 ದಾಟಬಾರದು. ಬಣ್ಣ ಬಿಳಿ ಮಾತ್ರ.

ಇದು ಹೊಸ ಗಾಡಿಗಳ ಷೋಕಿ ತಾನೇ? ಹಳೆ ಕಾರಿಗೆ ಯಾಕೆ?

ಷೋಕಿಯಾಗಿದ್ದು ಈಚೆಗೆ. ಶುರುವಾದದ್ದು ಬೆಳಕು ಕಡಿಮೆ ಇರುವ ದೇಶಗಳಲ್ಲಿ. ಸ್ವೀಡನ್ 1977ರಲ್ಲೇ ಹಗಲಲ್ಲೂ ದೀಪ ಉರಿಸಬೇಕು ಅಂತ ಕಾನೂನು ಮಾಡಿತು. ಆ ಕಾಲದ ವೋಲ್ವೊ 240 ಗಾಡಿಗಳಲ್ಲಿ ಎಲ್‌ಇಡಿ ಎಲ್ಲಿಂದ ಬರಬೇಕು? ಸಾದಾ 21 ವ್ಯಾಟ್ ಬಲ್ಬೇ ಈ ಕೆಲಸ ಮಾಡುತ್ತಿತ್ತು. ಅಂದರೆ ಹಗಲು ದೀಪಕ್ಕೆ ನನ್ನ ಪದ್ಮಿನಿಗಿಂತ ಒಂದು ವರ್ಷ ಜಾಸ್ತಿ ವಯಸ್ಸು. ಆಮೇಲೆ ಕೆನಡಾ 1989ರ ಕೊನೆಯಿಂದ ತಯಾರಾಗುವ ಗಾಡಿಗಳಿಗೆ ಕಡ್ಡಾಯ ಮಾಡಿತು. ಯುರೋಪಿನ ಒಕ್ಕೂಟ 2011ರ ಫೆಬ್ರವರಿಯಿಂದ ಹೊಸ ಮಾದರಿ ಕಾರುಗಳಿಗೆಲ್ಲ ಬೇಕೇ ಬೇಕು ಅಂದಿತು.

ನಮ್ಮಲ್ಲಿ ಬಿಸಿಲು ಧಾರಾಳ, ಒಪ್ಪಿದೆ. ಆದರೆ ಬಿಸಿಲಿನದ್ದೇ ಒಂದು ತೊಂದರೆ ಇದೆ. ಸಾಲುಮರದ ರಸ್ತೆಯಲ್ಲಿ ಬಿಸಿಲು ನೆರಳು ಚುಕ್ಕಿ ಚುಕ್ಕಿಯಾಗಿ ಬಿದ್ದಿರುತ್ತದೆ. ಅದರೊಳಗೆ ಬೂದು, ಕಡು ಹಸಿರು, ಕಪ್ಪು ಬಣ್ಣದ ಗಾಡಿ ಕರಗಿಹೋಗುತ್ತದೆ. ಹಳೆ ಗಾಡಿಗಳು ಚಿಕ್ಕವು, ತಗ್ಗು ಬೇರೆ. ಎದುರಿನಿಂದ ಓವರ್‌ಟೇಕ್ ಮಾಡುವವನು ಅರ್ಧ ಸೆಕೆಂಡು ಮೊದಲು ನೋಡಿದರೂ ನಮಗೆ ಅದು ದೊಡ್ಡದು. ಯಾಕೆಂದರೆ ನಮ್ಮ ಡ್ರಮ್ ಬ್ರೇಕು ಹಿಡಿಯುವಷ್ಟರಲ್ಲಿ ಹೊಸ ಗಾಡಿ ನಿಂತು ಚಹಾ ಕುಡಿದಿರುತ್ತದೆ.

ನಮ್ಮ ದೇಶದಲ್ಲಿ ಕಡ್ಡಾಯವಾ?

ಕಾರುಗಳಿಗೆ ಇಲ್ಲ. ದ್ವಿಚಕ್ರ ವಾಹನಗಳಿಗೆ 2017ರ ಏಪ್ರಿಲ್ 1ರಿಂದ ಎಂಜಿನ್ ಶುರುವಾದರೆ ಹೆಡ್‌ಲೈಟ್ ತಾನಾಗಿ ಉರಿಯುವ ವ್ಯವಸ್ಥೆ ಬಂತು. "ಅಣ್ಣಾ, ಲೈಟ್ ಆನ್ ಇದೆ" ಅಂತ ಕೈಯಲ್ಲಿ ಸನ್ನೆ ಮಾಡುವ ನಮ್ಮ ಹಳೆ ಉಪಕಾರ ಬುದ್ಧಿ ಅಲ್ಲಿಗೆ ಮುಗಿಯಿತು.

ಹಾಕಿದರೆ ಪೊಲೀಸರು, ಆರ್‌ಟಿಒ ಹಿಡಿಯುತ್ತಾರಾ?

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೆನಪಿಡಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಆರ್‌ಸಿಯಲ್ಲಿ ಎಂಜಿನ್, ಬಣ್ಣ, ಸೀಟು, ತೂಕ ಇಂಥವು ಇರುತ್ತವೆ, ದೀಪದ ಲೆಕ್ಕ ಇರುವುದಿಲ್ಲ. ಹಾಗಂತ ಏನು ಬೇಕಾದರೂ ಹಾಕಬಹುದು ಅಂತಲ್ಲ. ಎದುರಿನವರ ಕಣ್ಣಿಗೆ ಚುಚ್ಚುವ ದೀಪ ಯಾವತ್ತೂ ತಪ್ಪೇ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಸಾಲುಸಾಲಾಗಿ ಕೇಸು ಹಾಕಿದ್ದು ಗೊತ್ತಲ್ಲ. ನೀಲಿ, ಕೆಂಪು, ನೇರಳೆ, ಮಿಣಮಿಣ ಮಿನುಗುವುದು, ಆ ಕಡೆಯಿಂದ ಈ ಕಡೆಗೆ ಓಡುವುದು, ಇವೆಲ್ಲ ಬೇಡ. ಮುಂದೆ ಬಿಳಿ, ಅದೂ ಅಲ್ಲಾಡದ ಬಿಳಿ.

ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರಕ್ಕೆ) ಹೋದಾಗ ಇನ್‌ಸ್ಪೆಕ್ಟರ್ ಕೇಳಿದರೆ ತೋರಿಸಿ. ಬೇಡ ಅಂದರೆ ಅಲ್ಲೇ ಬಿಚ್ಚಿ. ಹಾಗೆ ಎರಡೇ ಬೋಲ್ಟಿನಲ್ಲಿ ಬಿಚ್ಚಲು ಬರುವಂತೆ ಕೂರಿಸಬೇಕು ಅನ್ನುವುದೇ ಈ ಇಡೀ ಕೆಲಸದಲ್ಲಿ ನನ್ನ ಹಟ.

ಸುಮ್ನೆ ಹೆಡ್‌ಲೈಟ್ ಹಾಕ್ಕೊಂಡೇ ಓಡಿಸಿದರೆ ಸಾಲದಾ?

ಸಾಲುತ್ತದೆ, ನಿಮ್ಮ ಗಾಡಿಗೆ ಕರೆಂಟು ಹುಟ್ಟಿಸಲು ಆಲ್ಟರ್ನೇಟರ್ ಇದ್ದರೆ. ನಿಜ ಹೇಳಬೇಕೆಂದರೆ ಆಲ್ಟರ್ನೇಟರ್ ಗಾಡಿಯವರು ಈ ಪುಟವನ್ನು ಇಲ್ಲಿಗೇ ಮುಚ್ಚಿ, ಲೋ ಬೀಮ್ ಹಾಕಿಕೊಂಡು ಹೊರಡಬಹುದು. ಒಂದು ಪೈಸೆ ಖರ್ಚಿಲ್ಲ, ಹಿಂದಿನ ದೀಪವೂ ಉರಿಯುತ್ತದೆ.

ಅದೇ ಕೆಲಸಕ್ಕೆ ಹಳೆ ಕಾಲದ ಡೈನಮೊ ಇರುವ ಗಾಡಿಯ ಕತೆ ಬೇರೆ. ಲೆಕ್ಕ ಹಾಕಿ ನೋಡೋಣ. 60/55ರ ಎಚ್4 ಬಲ್ಬು ಹಾಕಿದ್ದರೆ ಲೋ ಬೀಮಿಗೆ ಎರಡು ಸೇರಿ 110 ವ್ಯಾಟ್. ಮುಂದೆ ಹಿಂದೆ ಪಾರ್ಕಿಂಗ್ ನಾಲ್ಕು, ನಂಬರ್ ಪ್ಲೇಟಿನದ್ದು ಒಂದು, ತಲಾ 5. ಒಟ್ಟು 135 ವ್ಯಾಟ್. 12 ವೋಲ್ಟಿನಲ್ಲಿ ಅದು 11 ಆಂಪಿಯರ್ ದಾಟುತ್ತದೆ. ಆ ಕಾಲದ ಲೂಕಸ್ ಸಿ40 ಡೈನಮೊ ಪೂರ್ತಿ ಶಕ್ತಿ ಹಾಕಿದರೂ ಕೊಡುವುದು 22 ಆಂಪಿಯರ್. ಅದೂ ಗಾಡಿ ಚೆನ್ನಾಗಿ ಓಡುತ್ತಿರುವಾಗ. ಸಿಗ್ನಲ್‌ನಲ್ಲಿ ನಿಂತಾಗ ಡೈನಮೊ ಏನೂ ಕೊಡುವುದಿಲ್ಲ. ಆ ಕೆಂಪು ಚಾರ್ಜಿಂಗ್ ಲೈಟು ಮಿಣುಕುವುದು ಅದಕ್ಕೇ. ಆಗ ಹೆಡ್‌ಲೈಟು ಕುಡಿಯುವುದೆಲ್ಲ ಬ್ಯಾಟರಿಯಿಂದಲೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಹಾಕಿಕೊಂಡರೆ ನಾಲ್ಕು ಆಂಪಿಯರ್-ಅವರ್ ಹತ್ತಿರ ಹೋಯಿತು ಅಂತ ಇಟ್ಟುಕೊಳ್ಳಿ. ದಿನಾ ಎರಡು ಹೊತ್ತು ಹೀಗಾದರೆ ವಾರದ ಕೊನೆಗೆ ಗಾಡಿ ತಳ್ಳಲು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತದೆ.

ಇನ್ನೊಂದು ವಿಷಯವೂ ಇದೆ. ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಪೂರ್ತಿ ಸ್ವಿಚ್ಚಿನ ಮೂಲಕವೇ ಹೋಗುತ್ತದೆ, ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್ಚು) ಇರುವುದಿಲ್ಲ. ದಿನವಿಡೀ ಉರಿಸಿದರೆ ಸ್ವಿಚ್ಚು ಬಿಸಿಯಾಗಿ ಸವೆಯುತ್ತದೆ. ಹೊಸ ಒರಿಜಿನಲ್ ಸ್ವಿಚ್ಚು ಹುಡುಕುತ್ತಾ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿದವರಿಗೆ ಆ ಕಷ್ಟ ಗೊತ್ತು.

ಎಲ್‌ಇಡಿ ಹಗಲು ದೀಪ ಒಂದು ಜೊತೆಗೆ ಬೇಕಾಗುವುದು ಸುಮಾರು 12 ವ್ಯಾಟ್, ಅಂದರೆ ಒಂದು ಆಂಪಿಯರ್. ಹನ್ನೊಂದೆಲ್ಲಿ, ಒಂದೆಲ್ಲಿ!

ನನ್ನ ಗಾಡಿಯಲ್ಲಿ ಡೈನಮೊ ಇದೆಯೋ ಆಲ್ಟರ್ನೇಟರೋ, ಗೊತ್ತಾಗೋದು ಹೇಗೆ?

ಬಾನೆಟ್ ಎತ್ತಿ ನೋಡಿ. ಉದ್ದಕ್ಕೆ, ಸಣ್ಣ ಡಬ್ಬದ ಹಾಗೆ ಇದ್ದರೆ ಡೈನಮೊ. ಗಿಡ್ಡ, ದಪ್ಪ, ಪಕ್ಕದಲ್ಲಿ ಗಾಳಿಯಾಡುವ ಕಿಂಡಿಗಳಿದ್ದರೆ ಆಲ್ಟರ್ನೇಟರ್. ಎಂಜಿನ್ ಕೋಣೆಯ ಗೋಡೆಗೆ ಕಪ್ಪು ಮುಚ್ಚಳದ ಕಟೌಟ್ ಬಾಕ್ಸ್ (ಡೈನಮೊದ ಚಾರ್ಜನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಕೂತಿದ್ದು ಅದಕ್ಕೆ ದಪ್ಪ ವೈರುಗಳು ಬಂದಿದ್ದರೆ ಡೈನಮೊ ಇರುವ ಸಾಧ್ಯತೆ ಜಾಸ್ತಿ. ಎಷ್ಟೋ ಗಾಡಿಗಳಿಗೆ ಹಿಂದಿನ ಮಾಲೀಕರು ಆಲ್ಟರ್ನೇಟರ್ ಹಾಕಿಸಿ, ಹಳೆ ಕಟೌಟನ್ನು ಅಲಂಕಾರಕ್ಕೆ ಬಿಟ್ಟಿರುತ್ತಾರೆ. ಹಾಗಾಗಿ ಕಟೌಟ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ನಮ್ಮದು 6 ವೋಲ್ಟಿನ ಗಾಡಿ. ಆಗುತ್ತದಾ?

1960ರ ದಶಕದ ಮಧ್ಯದವರೆಗಿನ ಬೀಟಲ್ ಇಂಥವು 6 ವೋಲ್ಟಿನವು. ಅಂಗಡಿಯಲ್ಲಿ ಸಿಗುವ ಹಗಲು ದೀಪ 12 ವೋಲ್ಟಿಗೆ ಮಾಡಿದ್ದು, ಆರಕ್ಕೆ ಉರಿಯುವುದಿಲ್ಲ. 6ನ್ನು 12 ಮಾಡುವ ಪುಟ್ಟ ಕನ್ವರ್ಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಆದರೆ 6 ವೋಲ್ಟಿನ ಕಡೆ ಕರೆಂಟು ಎರಡರಷ್ಟಾಗುತ್ತದೆ ಅನ್ನುವುದು ನೆನಪಿರಲಿ. ದಪ್ಪ ವೈರು ಹಾಕಿ.

ಪಾಸಿಟಿವ್ ಅರ್ತ್ ಗಾಡಿಗೆ?

ಇಲ್ಲಿ ಸ್ವಲ್ಪ ನಿಧಾನಿಸಿ. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುತ್ತದೆ. ಮೋರಿಸ್ ಮೈನರ್ ಇದಕ್ಕೆ ಒಳ್ಳೆ ಉದಾಹರಣೆ. ಬ್ರಿಟನ್ನಿನಲ್ಲಿ 1960ರ ದಶಕ ಮುಗಿಯುವ ಹೊತ್ತಿಗೆ ಹೆಚ್ಚಿನ ಕಂಪನಿಗಳು ನೆಗೆಟಿವ್‌ಗೆ ಬದಲಾದವು. ಫಿಯೆಟ್ ವಂಶದ ಪದ್ಮಿನಿ ನೆಗೆಟಿವ್ ಅರ್ತ್, ಯೋಚನೆ ಇಲ್ಲ.

ಬಲ್ಬಿಗೆ ಪ್ಲಸ್ಸು ಮೈನಸ್ಸು ಯಾವುದಾದರೂ ಒಂದೇ. ಎಲ್‌ಇಡಿಗೆ ಹಾಗಲ್ಲ, ತಿರುಗುಮುರುಗಾದರೆ ಉರಿಯುವುದಿಲ್ಲ. ಪಾಸಿಟಿವ್ ಅರ್ತ್ ಗಾಡಿಯಲ್ಲಿ ದೀಪದ ಕೆಂಪು ವೈರು ಬಾಡಿಗೆ, ಕಪ್ಪು ವೈರು ಸ್ವಿಚ್ಚಿನ ಕಡೆಗೆ ಹೋಗಬೇಕು. ಅಪಾಯ ಇರುವುದು ಇದರಲ್ಲಲ್ಲ. ಕೆಲವು ದೀಪಗಳ ಲೋಹದ ಮೈ ಒಳಗೊಳಗೇ ಕಪ್ಪು ವೈರಿಗೆ ಸೇರಿರುತ್ತದೆ. ಅಂಥದ್ದನ್ನು ಬಂಪರಿಗೆ ಬೋಲ್ಟ್ ಮಾಡಿದ ಕೂಡಲೇ ಶಾರ್ಟ್. ಮೊದಲು ಮಲ್ಟಿಮೀಟರಿನಲ್ಲಿ ದೀಪದ ಮೈಗೂ ಕಪ್ಪು ವೈರಿಗೂ ಸಂಪರ್ಕ ಇದೆಯಾ ನೋಡಿ. ಇದ್ದರೆ ಆ ದೀಪ ಬೇಡ, ಪ್ಲಾಸ್ಟಿಕ್ ಮೈಯದ್ದು ತನ್ನಿ.

ಬಾಡಿಗೆ ಯಾವುದು ಸೇರಿದೆ ಅಂತ ಬ್ಯಾಟರಿ ಹತ್ತಿರ ಕಣ್ಣಾರೆ ನೋಡಿಯೇ ಮುಂದುವರಿಯಿರಿ. ಪುಸ್ತಕದಲ್ಲಿ ಹೀಗಿದೆ ಅಂತ ನಂಬಬೇಡಿ. ನಲವತ್ತು ಐವತ್ತು ವರ್ಷದಲ್ಲಿ ಯಾರೋ ಬದಲಾಯಿಸಿರಬಹುದು.

ಯಾವ ದೀಪ ತೆಗೆದುಕೊಳ್ಳಲಿ?

ದೀಪದ ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ, ಜೊತೆಗೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಒಪ್ಪಿಗೆ ಕೊಟ್ಟ ದೇಶದ್ದು: 1 ಅಂದರೆ ಜರ್ಮನಿ, 4 ಅಂದರೆ ನೆದರ್‌ಲ್ಯಾಂಡ್ಸ್. ಪಕ್ಕದಲ್ಲಿ 'ಆರ್‌ಎಲ್' ಅಂತ ಇದ್ದರೆ ಹಗಲು ದೀಪ ಅಂತಲೇ ಪರೀಕ್ಷೆಯಾಗಿದೆ ಎಂದರ್ಥ. ಜೆ.ಸಿ. ರಸ್ತೆಯಲ್ಲಿ ಪೊಟ್ಟಣದ ಮೇಲೆ ಎಲ್ಲದಕ್ಕೂ ಈ ಗುರುತು ಇರುತ್ತದೆ. ಪೊಟ್ಟಣ ಬಿಡಿ, ಗಾಜಿನ ಮೇಲೆ ಅಚ್ಚಾಗಿದೆಯಾ ನೋಡಿ. ಅಷ್ಟಾದರೂ ಡ್ಯೂಪ್ಲಿಕೇಟ್ ಇರಬಹುದು, ಅದಕ್ಕೆ ನಾನೊಂದು ಮನೆ ಪರೀಕ್ಷೆ ಮಾಡುತ್ತೇನೆ. ಬ್ಯಾಟರಿಗೆ ಸೇರಿಸಿ ಮೇಜಿನ ಮೇಲೆ ಒಂದು ಗಂಟೆ ಉರಿಸುವುದು. ಕೈಯಿಂದ ಮುಟ್ಟಲಾಗದಷ್ಟು ಕಾದರೆ, ಒಂದು ಇನ್ನೊಂದಕ್ಕಿಂತ ಮಂಕಾದರೆ, ವಾಪಸ್. ಆಮೇಲೆ ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸುವುದು. ಮಲೆನಾಡು, ಕರಾವಳಿಯವರು ಈ ಎರಡನೇ ಪರೀಕ್ಷೆ ಬಿಡಲೇಬೇಡಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ "ವಾಟರ್‌ಪ್ರೂಫ್" ಅನ್ನುವ ಸ್ಟಿಕರ್ರೇ ಮೊದಲು ಕಿತ್ತು ಬರುತ್ತದೆ.

ಆಕಾರದ ಮಾತು. ಹುಬ್ಬಿನ ಹಾಗೆ ಬಾಗಿದ, ಪಟ್ಟಿಯಂಥ ಎಲ್‌ಇಡಿ ಹಳೆ ಗಾಡಿಯ ಮುಖಕ್ಕೆ ಹೊಂದುವುದಿಲ್ಲ. ಅಜ್ಜನಿಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ದುಂಡಗಿನ, ಅಂಗೈಗಿಂತ ಚಿಕ್ಕ ದೀಪ ಸಿಗುತ್ತದೆ. ಅದೇ ಇರಲಿ. ನೀಲಿ ಛಾಯೆಯ ಬಿಳಿಗಿಂತ ಸ್ವಲ್ಪ ಬೆಚ್ಚಗಿನ ಬಿಳಿ ಕಣ್ಣಿಗೆ ಹಿತ. ಆದರೆ ಹಳದಿ ಬೇಡ.

ಎಲ್‌ಇಡಿಯೇ ಬೇಡ ಅನ್ನುವ ಸಂಪ್ರದಾಯಸ್ಥರು ದುಂಡು ದೀಪದೊಳಗೆ 21 ವ್ಯಾಟ್ ಬಲ್ಬು ಹಾಕಬಹುದು, ಆ ಹಳೆ ವೋಲ್ವೊ ಹಾಗೆ. ಒಂದು ಜೊತೆ ದೀಪಕ್ಕೆ ಮೂರೂವರೆ ಆಂಪಿಯರ್ ಬೇಕು. ನೋಡಲು ನಿಜವಾಗಿ ಚೆಂದ. ನನ್ನ ಡೈನಮೊ ಒಪ್ಪಲಿಲ್ಲ.

ಎಲ್ಲಿ ಕೂರಿಸಬೇಕು? ಬಂಪರಿಗೆ ತೂತು ಹಾಕಬೇಕಾ?

ಒಂದು ತೂತೂ ಬೇಡ. ಕ್ರೋಮ್ ಬಂಪರಿಗೆ ಡ್ರಿಲ್ ಇಟ್ಟರೆ ಅಲ್ಲಿಂದಲೇ ತುಕ್ಕು ಶುರು. ಗಾಡಿಯ ಬೆಲೆಯೂ ಇಳಿಯಿತು, ನಿಮ್ಮ ಅಪ್ಪನ ಆತ್ಮವೂ ನೊಂದುಕೊಂಡಿತು.

ಮೊದಲು ಅಳತೆ. ವಿಶ್ವಸಂಸ್ಥೆಯ 48ನೇ ನಿಯಮ ಹೇಳುವಂತೆ ನೆಲದಿಂದ ದೀಪ ಕನಿಷ್ಠ 250 ಮಿಲಿಮೀಟರ್ ಎತ್ತರ, ಗರಿಷ್ಠ 1500. ಎರಡು ದೀಪಗಳ ಒಳ ಅಂಚುಗಳ ನಡುವೆ ಕನಿಷ್ಠ 600 ಮಿಲಿಮೀಟರ್. ಗಾಡಿಯ ಅಗಲ 1300 ಮಿಲಿಮೀಟರಿಗಿಂತ ಕಡಿಮೆ ಇದ್ದರೆ 400 ಸಾಕು. ನಮ್ಮಲ್ಲಿ ಹಳೆ ಗಾಡಿಗೆ ಇದನ್ನು ಯಾರೂ ಟೇಪು ಹಿಡಿದು ಅಳೆಯುವುದಿಲ್ಲ, ಆದರೂ ಹಿಂದೆ ಒಳ್ಳೆ ಕಾರಣ ಇದೆ. ಎರಡು ದೀಪ ತೀರಾ ಹತ್ತಿರ ಇದ್ದರೆ ದೂರದಿಂದ ಒಂದೇ ಆಗಿ ಕಾಣುತ್ತವೆ. ಎದುರಿನವನು ಬೈಕು ಅಂದುಕೊಂಡು ಪಕ್ಕದಲ್ಲಿ ನುಗ್ಗುತ್ತಾನೆ.

ಪದ್ಮಿನಿ ಸುಮಾರು ಒಂದೂವರೆ ಮೀಟರ್ ಅಗಲ, ಜಾಗಕ್ಕೆ ಕೊರತೆ ಇಲ್ಲ. ನಾನು ಬಂಪರನ್ನು ಹಿಡಿದಿರುವ ಬೋಲ್ಟುಗಳಿಗೇ ಕೈಹಾಕಿದೆ. ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ 'ಎಲ್' ಆಕಾರಕ್ಕೆ ಬಗ್ಗಿಸಿ, ತೂತು ಮಾಡಿಸಿ, ಕಪ್ಪು ಪೇಂಟ್ ಹೊಡೆಸಿದೆ. ಬಂಪರ್ ಬೋಲ್ಟ್ ಸಡಿಲ ಮಾಡಿ ಅದನ್ನು ನಡುವೆ ಸೇರಿಸಿ ಬಿಗಿ ಮಾಡಿದರೆ ದೀಪ ಬಂಪರಿನ ಕೆಳಗೆ ನಿಲ್ಲುತ್ತದೆ. ಪಟ್ಟಿ ತೆಳ್ಳಗಿದ್ದರೆ ಎಂಜಿನ್ ನಡುಕಕ್ಕೆ ದೀಪ ತಲೆ ಅಲ್ಲಾಡಿಸುತ್ತದೆ, ಹಾಗಾಗಿ ದಪ್ಪದಲ್ಲಿ ಜಿಪುಣತನ ಬೇಡ.

ಗ್ರಿಲ್ಲಿನ ಹಿಂದೆ ಅಡಗಿಸುವುದು ಇನ್ನೊಂದು ದಾರಿ. ನಿಂತಾಗ ಕಾಣುವುದೇ ಇಲ್ಲ, ಅದು ಚೆನ್ನ. ಆದರೆ ಗ್ರಿಲ್ಲಿನ ಪಟ್ಟಿಗಳು ಬೆಳಕನ್ನು ಕತ್ತರಿಸುತ್ತವೆ, ರೇಡಿಯೇಟರಿನ ಗಾಳಿಗೂ ಅಡ್ಡ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪದ್ಮಿನಿಯ ಎಂಜಿನ್ ಹೇಗೆ ಕಾಯುತ್ತದೆ ಅಂತ ಬಲ್ಲವರು ಇದನ್ನು ಮಾಡುವುದಿಲ್ಲ.

ಕರೆಂಟು ಎಲ್ಲಿಂದ ತೆಗೆಯಲಿ?

ನಾನು ಮೊದಲ ಸಲ ಎಡವಿದ್ದು ಇಲ್ಲೇ. ಒಬ್ಬ ಎಲೆಕ್ಟ್ರಿಷಿಯನ್ ಕೈಗೆ ಹತ್ತಿರ ಸಿಕ್ಕಿತು ಅಂತ, ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನಿಂದ ವೈರು ಎಳೆದುಬಿಟ್ಟರು. ಕೀ ತಿರುಗಿಸಿದರೆ ದೀಪ ಉರಿಯಿತು, ನಾನೂ ಖುಷಿಯಾಗಿ ಬಂದೆ. ಮೂರೇ ವಾರಕ್ಕೆ ಒಂದು ದೀಪ ಸತ್ತಿತು, ಇನ್ನೊಂದು ಎಂಜಿನ್ ಲಯಕ್ಕೆ ತಕ್ಕಂತೆ ಮಿನುಗತೊಡಗಿತು. ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟು ತೆರೆದು ಮುಚ್ಚುವಾಗ ಕಾಯಿಲ್ ಹತ್ತಿರ ವೋಲ್ಟೇಜು ಜಿಗಿದಾಡುತ್ತದೆ. ಎಲ್‌ಇಡಿಯೊಳಗಿನ ಸೂಕ್ಷ್ಮ ಸರ್ಕ್ಯೂಟು ಅದನ್ನು ತಡೆಯುವುದಿಲ್ಲ. ಕಾಯಿಲ್ಲಿಗೆ ಹೋಗುವ ವೋಲ್ಟೇಜು ಇಳಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಯಲ್ಲಿ ಅಲ್ಲಿ 12 ವೋಲ್ಟೂ ಇರುವುದಿಲ್ಲ. ಕಾಯಿಲ್ಲಿಗೆ ಬರಬೇಕಾದ ಕರೆಂಟನ್ನು ಬೇರೆಯವರಿಗೆ ಹಂಚುವುದು ಸ್ಟಾರ್ಟಿಂಗಿಗೂ ಒಳ್ಳೆಯದಲ್ಲ.

ಸರಿಯಾದ ಜಾಗ ಫ್ಯೂಸ್ ಬಾಕ್ಸ್. ಕೀ ಆನ್ ಆದಾಗ ಮಾತ್ರ ಜೀವ ಬರುವ ಫ್ಯೂಸ್ ಹುಡುಕಿ. ವೈಪರ್ ಅಥವಾ ಇಂಡಿಕೇಟರಿನ ಫ್ಯೂಸ್ ಸಾಮಾನ್ಯವಾಗಿ ಹಾಗಿರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ: ಕೀ ಆಫ್ ಇದ್ದಾಗ ಸೊನ್ನೆ, ಆನ್ ಮಾಡಿದಾಗ 12. ಅಲ್ಲಿಂದ ಹೊರಟ ವೈರಿಗೆ ಒಂದು ಗೇಣಿನೊಳಗೇ 3 ಆಂಪಿಯರಿನ ಸ್ವಂತ ಫ್ಯೂಸ್ ಹಾಕಿ. ಫಿಯೆಟ್ ಗಾಡಿಗಳ ಆ ಬಿಳಿ ಪಿಂಗಾಣಿ ಫ್ಯೂಸುಗಳ ತುದಿಗೆ ಕಿಲುಬು ಹಿಡಿದಿರುತ್ತದೆ. ಹೇಗೂ ಕೈ ಹಾಕಿದ್ದೀರಿ, ಉಜ್ಜಿ ತೊಳೆದುಬಿಡಿ.

ಬ್ರಿಟಿಷ್ ಗಾಡಿಗಳಲ್ಲಿ ವೈರಿನ ಬಣ್ಣಕ್ಕೆ ಅರ್ಥ ಇದೆ. ಕಂದು ಅಂದರೆ ನೇರ ಬ್ಯಾಟರಿ. ಬಿಳಿ ಅಂದರೆ ಕೀ ದಾಟಿ ಬಂದದ್ದು, ಫ್ಯೂಸ್ ಇಲ್ಲ. ಹಸಿರು ಅಂದರೆ ಕೀ ಮತ್ತು ಫ್ಯೂಸ್ ಎರಡನ್ನೂ ದಾಟಿದ್ದು. ಕೆಂಪು ಪಾರ್ಕಿಂಗ್ ಲೈಟಿನದ್ದು. ನಮಗೆ ಬೇಕಾದ್ದು ಹಸಿರು. ಆದರೆ ನಮ್ಮೂರ ಗಾಡಿಗಳಲ್ಲಿ ಮೂರು ತಲೆಮಾರಿನ ಎಲೆಕ್ಟ್ರಿಷಿಯನ್ನರು ಸಿಕ್ಕ ಸಿಕ್ಕ ಬಣ್ಣದ ವೈರು ಎಳೆದಿರುತ್ತಾರೆ. ಬಣ್ಣ ನೋಡಿ, ನಂಬುವುದು ಮೀಟರನ್ನು.

ವೈರಿಗೆ ವೈರು ಕಚ್ಚಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ಪು ಬರುತ್ತದಲ್ಲ, ಅದನ್ನು ಬಳಸಬೇಡಿ. ಹಳೆ ವೈರಿನ ಎಳೆಗಳನ್ನು ಕತ್ತರಿಸುತ್ತದೆ, ಒಳಗೆ ನೀರು ಸೇರಿ ಹಸಿರುಗಟ್ಟುತ್ತದೆ.

ಹೆಡ್‌ಲೈಟ್ ಹಾಕಿದಾಗ ಡಿಆರ್‌ಎಲ್ ತಾನಾಗಿ ಆರಬೇಕು. ಹೇಗೆ?

ಐದು ಕಾಲಿನ ಸಾದಾ ರಿಲೇ ಒಂದು ಸಾಕು. ಕಾಲುಗಳ ಪಕ್ಕ ಸಂಖ್ಯೆ ಬರೆದಿರುತ್ತದೆ.

ಫ್ಯೂಸಿನಿಂದ ಬಂದ ವೈರು 30ಕ್ಕೆ. 87ಎ ಕಾಲಿನಿಂದ ಎರಡೂ ದೀಪಗಳಿಗೆ. 85 ಬಾಡಿಗೆ. 86ಕ್ಕೆ ಪಾರ್ಕಿಂಗ್ ಲೈಟಿನ ವೈರಿನಿಂದ ಒಂದು ಎಳೆ. 87 ಖಾಲಿ ಬಿಡಿ, ಅದಕ್ಕೆ ಟೇಪು ಸುತ್ತಿ. ರಿಲೇ ಮಲಗಿದ್ದಾಗ 30ಕ್ಕೂ 87ಎಗೂ ಸಂಪರ್ಕ ಇರುತ್ತದೆ, ಹಾಗಾಗಿ ಕೀ ಹಾಕಿದರೆ ಹಗಲು ದೀಪ ಹತ್ತುತ್ತದೆ. ಲೈಟ್ ಸ್ವಿಚ್ ಹಾಕಿದ ಕೂಡಲೇ ರಿಲೇ ಟಕ್ ಅನ್ನುತ್ತದೆ, ಹಗಲು ದೀಪ ಆರುತ್ತದೆ.

86ಕ್ಕೆ ಲೋ ಬೀಮಿನ ವೈರು ಯಾಕೆ ಕೊಡಬಾರದು ಅಂತ ತುಂಬಾ ಜನ ಕೇಳುತ್ತಾರೆ. ಕೊಟ್ಟರೆ ಹೈ ಬೀಮಿಗೆ ಹೋದಾಗ ಲೋ ಬೀಮಿನ ವೈರು ಸಾಯುತ್ತದೆ, ರಾತ್ರಿ ಹೊತ್ತಲ್ಲಿ ಡಿಆರ್‌ಎಲ್ ಮತ್ತೆ ಎದ್ದು ಕೂರುತ್ತದೆ. ಪಾರ್ಕಿಂಗ್ ವೈರು ಎರಡರಲ್ಲೂ ಜೀವಂತ. ಹಗಲಲ್ಲಿ ಡಿಪ್ ಕೊಟ್ಟು ದಾರಿ ಕೇಳಿದರೂ ಡಿಆರ್‌ಎಲ್ ಆರುವುದಿಲ್ಲ.

ಬಾಡಿ ಅರ್ತ್ ಬಗ್ಗೆ ಎರಡು ಮಾತು. "ದೀಪ ಒಂದು ದಿನ ಉರಿಯುತ್ತೆ, ಒಂದು ದಿನ ಇಲ್ಲ" ಅಂದವರ ಗಾಡಿ ನೋಡಲು ಹೋದಾಗಲೆಲ್ಲ ನನಗೆ ಕಂಡದ್ದು ಕೆಟ್ಟ ಅರ್ತ್. ಪೇಂಟಿನ ಮೇಲೆ ಸ್ಕ್ರೂ ಬಿಗಿದರೆ ಅರ್ತ್ ಆಗುವುದಿಲ್ಲ. ಎರಡೂ ದೀಪದ ಕಪ್ಪು ವೈರನ್ನು ಒಟ್ಟು ಮಾಡಿ, ಬ್ಯಾಟರಿಯ ಅರ್ತ್ ಪಟ್ಟಿ ಬಾಡಿಗೆ ಸೇರುವ ಬೋಲ್ಟಿಗೇ ತಂದು ಕಟ್ಟಿ. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ತುಕ್ಕು ಹತ್ತಿರ ಸುಳಿಯುವುದಿಲ್ಲ.

ದೀಪದ ಜೊತೆ ಬಂದ ಕಂಟ್ರೋಲ್ ಬಾಕ್ಸ್ ಬಳಸಬಹುದಾ? ಬ್ಯಾಟರಿಗೆ ನೇರ ಸೇರಿಸಿದರೆ ಸಾಕು ಅಂತಾರೆ.

ಆಲ್ಟರ್ನೇಟರ್ ಗಾಡಿಯಲ್ಲಿ ಬಳಸಿ, ಸುಲಭ. ಎಂಜಿನ್ ನಿಂತಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರುತ್ತದೆ, ಚಾರ್ಜ್ ಆಗುವಾಗ 14ರ ಹತ್ತಿರ ಬರುತ್ತದೆ. ಆ ಏರಿಕೆ ನೋಡಿ ಎಂಜಿನ್ ಓಡುತ್ತಿದೆ ಅಂತ ಬಾಕ್ಸ್ ತಿಳಿಯುತ್ತದೆ.

ಡೈನಮೊ ಗಾಡಿಯಲ್ಲಿ ಇದು ನಗೆಪಾಟಲು. ಸಿಗ್ನಲ್‌ನಲ್ಲಿ ವೋಲ್ಟೇಜು ಇಳಿಯಿತು, ದೀಪ ಆರಿತು. ಆಕ್ಸಿಲರೇಟರ್ ಒತ್ತಿದರೆ ಹತ್ತಿತು. ನಿಂತಲ್ಲೇ ಗಾಡಿ ಕಣ್ಣು ಹೊಡೆಯುತ್ತಿದೆ ಅಂತ ಪಕ್ಕದ ಆಟೊದವರು ಹೇಳಿದ ಮೇಲೆ ನಾನು ಬಾಕ್ಸ್ ಕಿತ್ತೆ. ರಿಲೇ ದಾರಿಯೇ ಸರಿ.

ಕೀ ಆನ್ ಮಾಡಿ ಎಂಜಿನ್ ಆಫ್ ಇಟ್ಟು ಹಾಡು ಕೇಳಿದರೆ ದೀಪ ಉರಿಯುತ್ತಲೇ ಇರುತ್ತಲ್ಲ?

ಉರಿಯುತ್ತದೆ. ಆದರೆ ಪಾಯಿಂಟ್ ಇರುವ ಗಾಡಿಯಲ್ಲಿ ಹಾಗೆ ಕೀ ಬಿಟ್ಟರೆ ಡಿಆರ್‌ಎಲ್‌ಗಿಂತ ಮೊದಲು ಕಾಯಿಲ್ ಸುಡುತ್ತದೆ. ಆ ಅಭ್ಯಾಸವನ್ನೇ ಬಿಡಿ.

ಹೊಸ ದೀಪ ಯಾಕೆ? ಇಂಡಿಕೇಟರ್ ಒಳಗೇ ಬಿಳಿ-ಹಳದಿ ಎರಡೂ ಬರುವ ಎಲ್‌ಇಡಿ ಹಾಕಿದರೆ?

ಹೊರಗಿನಿಂದ ಏನೂ ಬದಲಾಗುವುದಿಲ್ಲ, ಆಸೆ ಹುಟ್ಟಿಸುತ್ತದೆ. ನಾನೂ ನೋಡಿದೆ. ಗಾಜು ಹಳದಿ ಇದ್ದರೆ ಬಿಳಿ ಬೆಳಕೂ ಹಳದಿಯಾಗಿಯೇ ಬರುತ್ತದೆ. ಹಳೆ ಫ್ಲಾಷರ್ ಬಲ್ಬಿನ ಕರೆಂಟಿಗೆ ಬಿಸಿಯಾಗಿ ಟಿಕ್ ಟಿಕ್ ಅನ್ನುವಂಥದ್ದು. ಎಲ್‌ಇಡಿಯ ಚಿಟಿಕೆ ಕರೆಂಟಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ಗೂಡಿನಲ್ಲಿ ಎರಡು ಬಣ್ಣ ಇದ್ದರೆ ತಿರುಗುವ ಸನ್ನೆ ಬಿಸಿಲಲ್ಲಿ ಸ್ಪಷ್ಟವಾಗುವುದಿಲ್ಲ. ಕಾಣಲಿ ಅಂತ ಹಾಕಿ ಇಂಡಿಕೇಟರನ್ನೇ ಕಾಣದಂತೆ ಮಾಡಿಕೊಂಡರೆ ಏನು ಬಂತು?

ಎರಡು ಹೆಡ್‌ಲೈಟನ್ನು ಸೀರೀಸ್‌ನಲ್ಲಿ ಸೇರಿಸಿ ಮಂದವಾಗಿ ಉರಿಸಬಹುದಂತಲ್ಲ?

ಹಳೆ ಜಾಣತನ ಅದು. ಪ್ರತಿ ಬಲ್ಬಿಗೂ 6 ವೋಲ್ಟ್ ಸಿಗುತ್ತದೆ. ಬೆಳಕು ಅರ್ಧ ಆಗುತ್ತದೆ ಅಂತ ಅಂದುಕೊಂಡರೆ ತಪ್ಪು. ಬಲ್ಬಿನ ವೋಲ್ಟೇಜು ಅರ್ಧವಾದರೆ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಲೋ ಬೀಮ್ ನೆಲದ ಕಡೆಗೆ ನೋಡುವಂಥದ್ದು, ಅದರಲ್ಲಿ ಹತ್ತರಲ್ಲೊಂದು ಉಳಿದರೆ ಹಗಲಲ್ಲಿ ಲೆಕ್ಕಕ್ಕೇ ಇಲ್ಲ. ಹೈ ಬೀಮಿನಲ್ಲಿ ಮಾಡಿದರೆ ಸ್ವಲ್ಪ ಅರ್ಥ ಇದೆ. ಅದಕ್ಕೆ ಮೂಲ ವೈರಿಂಗನ್ನು ಕತ್ತರಿಸಬೇಕು. ನಾನಂತೂ ಕತ್ತರಿ ಹಾಕುವುದಿಲ್ಲ.

ಫಾಗ್ ಲ್ಯಾಂಪನ್ನೇ ಹಗಲಿಡೀ ಉರಿಸಿದರೆ?

ಬೇಡ. ಮಂಜಿಗೆ ಮಾಡಿದ ದೀಪವನ್ನು ಮಂಜಿಗೇ ಇಡಿ.

ಹಿಂದಿನಿಂದ ಬರುವವರಿಗೆ?

ಇದು ಡಿಆರ್‌ಎಲ್‌ನ ದೊಡ್ಡ ಕೊರತೆ. ಹಿಂದೆ ಏನೂ ಉರಿಯುವುದಿಲ್ಲ. ಮುಂದೆ ಬೆಳಕು ಕಂಡು "ಲೈಟ್ ಹಾಕಿದ್ದೇನೆ" ಅನ್ನುವ ಭ್ರಮೆಯಲ್ಲಿ ಮಳೆ, ಮಂಜಿನಲ್ಲೂ ಜನ ಹಾಗೇ ಓಡಿಸುತ್ತಾರೆ, ಹೊಸ ಗಾಡಿಯವರೂ ಅಷ್ಟೇ. ಮಳೆ ಬಂತೋ, ಹೆಡ್‌ಲೈಟ್ ಹಾಕಿ. ವೈಪರ್ ಸ್ವಿಚ್ಚಿಗೆ ಕೈ ಹೋದಾಗಲೆಲ್ಲ ಲೈಟ್ ಸ್ವಿಚ್ಚಿಗೂ ಕೈ ಹೋಗಲಿ. ನನಗೆ ಚಾರ್ಮಾಡಿಯಲ್ಲಿ ಆದದ್ದು ಮಳೆಯಲ್ಲೇ ಅಲ್ವಾ? ಅವತ್ತು ಡಿಆರ್‌ಎಲ್ ಇರಲಿಲ್ಲ ಅನ್ನುವುದಕ್ಕಿಂತ ಹೆಡ್‌ಲೈಟ್ ಹಾಕಿರಲಿಲ್ಲ ಅನ್ನುವುದೇ ನನ್ನ ತಪ್ಪು.

ಡಿಆರ್‌ಎಲ್ ಹಾಕಿದ ಮೇಲೆ ರೇಡಿಯೊ ಗುಂಯ್ ಅನ್ನುತ್ತಿದೆ.

ಅಗ್ಗದ ಎಲ್‌ಇಡಿಯೊಳಗಿನ ಡ್ರೈವರ್ ಸರ್ಕ್ಯೂಟಿನ ಕೆಲಸ. ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಕೇಳುವವರಿಗೆ ಮಾತ್ರ ಈ ಕಾಟ, ಎಫ್‌ಎಂನಲ್ಲಿ ಕಡಿಮೆ. ದೀಪದ ವೈರು ಆಂಟೆನಾ ಕೇಬಲ್ಲಿನಿಂದ ದೂರ ಇರಲಿ. ದೀಪದ ಹತ್ತಿರವೇ ವೈರಿಗೆ ಫೆರೈಟ್ ಉಂಗುರ ಹಾಕಿ, ಹಳೆ ಮಾನಿಟರ್ ಕೇಬಲ್ಲಿನಲ್ಲಿ ಉಬ್ಬಿಕೊಂಡಿರುತ್ತದಲ್ಲ, ಅದೇ. ಹೋಗದಿದ್ದರೆ ದೀಪ ಬದಲಾಯಿಸಿ.

ವಿಂಟೇಜ್ ನೋಂದಣಿಗೆ ತೊಂದರೆ ಆಗುತ್ತದಾ?

2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು, ಬೈಕು ವಿಂಟೇಜ್ ಆಗುತ್ತವೆ. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು. ಬಿಚ್ಚಿದರೆ ಗುರುತೂ ಉಳಿಯದ ಎರಡು ದೀಪ ದೊಡ್ಡ ಬದಲಾವಣೆ ಅಲ್ಲ, ಆದರೂ ತಪಾಸಣೆಯ ದಿನ ಬಿಚ್ಚಿ ಹೋಗುವುದೇ ಕ್ಷೇಮ. ವಿಂಟೇಜ್ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಅನ್ನುವುದನ್ನೂ ಗಮನಿಸಿ. ನನ್ನ ಗಾಡಿಗೆ 50 ತುಂಬುವುದು 2028ಕ್ಕೆ. ಅಲ್ಲಿಯವರೆಗೆ ತರಕಾರಿ ತರಲು ಅದೇ.

ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹದ ಪಯಣ ಮ್ಯೂಸಿಯಂ ಇದೆ. ಹಳೆ ಗಾಡಿಯ ಮುಂಭಾಗ ಮೂಲದಲ್ಲಿ ಹೇಗಿರುತ್ತಿತ್ತು ಅಂತ ತಿಳಿಯಲು ಒಮ್ಮೆ ಹೋಗಿ ಬನ್ನಿ. ದೀಪಕ್ಕೆ ಜಾಗ ಆರಿಸುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ಹಿಂಜರಿಯಲಿ.

ಇನ್ಶೂರೆನ್ಸ್‌ನವರಿಗೆ ಹೇಳಬೇಕಾ?

ಹೇಳಿ. ಹೊರಗಿನಿಂದ ಹಾಕಿದ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ಬೇರೆ ನಮೂದಿಸಲು ಅವಕಾಶ ಇದೆ. ವೈರಿಂಗಿನ ಒಂದು ಚಿತ್ರ ಬರೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮುಂದೆ ಗಾಡಿಗೆ ಕೈ ಹಾಕುವ ಎಲೆಕ್ಟ್ರಿಷಿಯನ್ನೂ ನಿಮ್ಮನ್ನು ಹರಸುತ್ತಾರೆ.

ಹಾಕಿದ ಮೇಲೆ ಏನೇನು ನೋಡಿಕೊಳ್ಳಬೇಕು?

ಮೊದಲ ನೂರು ಕಿಲೋಮೀಟರ್ ಆದ ಮೇಲೆ ಬಂಪರ್ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ಪೇಂಟಿನ ಮೇಲೆ ಬಿಗಿದದ್ದು ಸಡಿಲವಾಗಿಯೇ ಇರುತ್ತದೆ. ರಾತ್ರಿ ಗ್ಯಾರೇಜಿನಲ್ಲಿ ಕೀ ತೆಗೆದು ದೀಪ ನಿಜವಾಗಿ ಆರಿದೆಯಾ ನೋಡಿ. ವೈರು ರೇಡಿಯೇಟರ್ ಫ್ಯಾನಿಗೆ, ಸೈಲೆನ್ಸರ್ ಕೊಳವೆಗೆ ತಾಗದ ಹಾಗೆ ಕಟ್ಟಿ. ಮಳೆಗಾಲಕ್ಕೆ ಮೊದಲು ಒಂದು ಸಲ ಅರ್ತ್ ಬೋಲ್ಟ್ ಬಿಚ್ಚಿ ಉಜ್ಜಿ. ಮತ್ತೆ, ಗಾಡಿ ತೊಳೆಯುವವರಿಗೆ ಮೊದಲೇ ಹೇಳಿಡಿ. ನಮ್ಮ ಬೀದಿಯ ಹುಡುಗ ಪ್ರೆಷರ್ ಪೈಪಿನಿಂದ ದೀಪಕ್ಕೇ ಗುರಿ ಇಟ್ಟು ಹೊಡೆದು, ಈಗ ಎಡಗಡೆಯದ್ದರ ಒಳಗೆ ಪುಟ್ಟ ಕೆರೆ ಇದೆ.